ಎರಡೂವರೆ ಗಂಟೆಯ ಸಕ್ಕರೆ

ಹರಿಹರದ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಗಣಿತದ ಮೇಡಂ ನಯನಾ ಉತ್ತರಪತ್ರಿಕೆಗಳ ಕಟ್ಟು ಬಿಚ್ಚುವ ಹೊತ್ತಿಗೆ ಮೊಬೈಲು ಕಿಣಿಗುಟ್ಟಿತು. ಇನ್ನೂರ ಎಪ್ಪತ್ತೊಂದು. ಗಂಟೆ ಎರಡೂವರೆ. ನಿನ್ನೆಯೂ ಇದೇ ಹೊತ್ತು, ಮೊನ್ನೆಯೂ ಇದೇ ಹೊತ್ತು. ದಾವಣಗೆರೆಯ ಆನೆಕೊಂಡದ ಮನೆಯಲ್ಲಿ ಅತ್ತೆ ನಿರ್ಮಲಮ್ಮನ ರಕ್ತದ ಸಕ್ಕರೆ ದಿನವೂ ಗಡಿಯಾರ ನೋಡಿಕೊಂಡೇ ಏರುತ್ತಿತ್ತು.

ನಿರ್ಮಲಮ್ಮನ ಬಲಗಾಲಿನ ಹೆಬ್ಬೆರಳ ಹುಣ್ಣು ಎರಡು ತಿಂಗಳಾದರೂ ಮಾಯ್ದಿರಲಿಲ್ಲ. ಸಕ್ಕರೆ ಇಳಿಯದಿದ್ದರೆ ಬೆರಳು ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿದ ದಿನದಿಂದ ನಯನಾಳಿಗೆ ಸರಿಯಾಗಿ ನಿದ್ದೆಯಿಲ್ಲ. ವಿದ್ಯಾನಗರದ ಆಹಾರತಜ್ಞೆ ಕೃತಿಕಾ ಅತ್ತೆಯ ತೋಳಿಗೆ ಸಕ್ಕರೆಯ ಲೆಕ್ಕವನ್ನು ನಯನಾಳ ಮೊಬೈಲಿಗೆ ಕಳಿಸುವ ರೂಪಾಯಿಯಗಲದ ಸೆನ್ಸರ್ ಅಂಟಿಸಿ, ಒಬ್ಬೊಬ್ಬರ ಮೈಗೆ ಒಂದೊಂದು ಊಟ ಆಗಿಬರುವುದಿಲ್ಲ, ಹದಿನಾಲ್ಕು ದಿನ ತಿಂದದ್ದನ್ನೆಲ್ಲ ಬರೆಯಿರಿ, ಕಳ್ಳ ಯಾವುದೆಂದು ತಾನೇ ಗೊತ್ತಾಗುತ್ತದೆ ಎಂದಿದ್ದಳು. ನಯನಾ ದಿನವೂ ಅತ್ತೆಯನ್ನು ಕೇಳಿ ಬರೆದಳು. ಮಧ್ಯಾಹ್ನಕ್ಕೆ ಒಂದು ಜೋಳದ ರೊಟ್ಟಿ, ಹೀರೇಕಾಯಿ ಪಲ್ಯ, ಮಜ್ಜಿಗೆ. ಸಕ್ಕರೆಯ ಏರಿಳಿತ ತೋರಿಸುವ ವಾರದ ಗೆರೆಗಳನ್ನೆಲ್ಲ ನೋಡಿದ ಕೃತಿಕಾ, "ನಿಮ್ಮ ಅತ್ತೆಗೆ ಜೋಳ ಆಗಿಬರಲ್ಲ ಅನ್ಸುತ್ತೆ ಮೇಡಂ" ಎಂದಳು. ಹಲ್ಲು ಬಂದಾಗಿನಿಂದ ರೊಟ್ಟಿ ತಿಂದವರಿಗೆ ಅರವತ್ತನಾಲ್ಕರಲ್ಲಿ ಜೋಳ ಶತ್ರುವಾಯಿತು! ರೊಟ್ಟಿ ಬಿಡಿಸಿ ಮೊಳಕೆಕಾಳು ಕೊಟ್ಟರು. ಆಗಲೂ ಎರಡೂವರೆಗೆ ಇನ್ನೂರ ಅರವತ್ತು ದಾಟಿತು. ಮಾವ ಬಕ್ಕೇಶಪ್ಪ ಲೋಕಿಕೆರೆಯ ತಂಗಿಯ ಮನೆಗೆ ಹೋಗಿದ್ದ ಭಾನುವಾರ ಮಾತ್ರ ಗೆರೆ ಸುಮ್ಮನಿತ್ತು. ಅವತ್ತು ನಾವೆಲ್ಲ ಮನೆಯಲ್ಲೇ ಇದ್ದೆವಲ್ಲ, ಕದ್ದು ತಿನ್ನಲು ಆಗಿಲ್ಲ, ಅದಕ್ಕೇ ಇರಬೇಕು ಎಂದುಕೊಂಡಳು ನಯನಾ.

"ಅವ್ವಾ, ಕದ್ದು ತಿಂತಿಯೇನು?" ಎಂದು ಅವಳ ಗಂಡ ರುದ್ರಮುನಿ ಇನ್ನೂರ ಎಪ್ಪತ್ತೊಂದು ಬಂದ ಸಂಜೆ ತಾಯಿಯ ಮೇಲೆ ಸಿಡುಕಿದ. ನಿರ್ಮಲಮ್ಮ ಕಾಲಿನ ಬ್ಯಾಂಡೇಜು ಸರಿಮಾಡಿಕೊಂಡರು. "ಮಾವನೋರನ್ನ ನೋಡಿ ಕಲೀರಿ ಅತ್ತಿ" ಎಂದು ನಯನಾಳೂ ಒಂದು ಮಾತು ಸೇರಿಸಿದಳು. ಬಕ್ಕೇಶಪ್ಪ ರಾತ್ರಿ ಊಟವನ್ನೇ ಬಿಟ್ಟಿದ್ದರು. ಮಧ್ಯಾಹ್ನ ಚೆನ್ನಾಗಿ ಉಂಡೀನಿ, ಒಂದು ಲೋಟ ಮಜ್ಜಿಗೆ ಸಾಕು ಎನ್ನುವರು. ಮನೆಯಲ್ಲಿ ಬಾಯಿ ಕಟ್ಟಿದ ಮನುಷ್ಯ ಅವರೊಬ್ಬರೇ ಎಂದು ಎಲ್ಲರಿಗೂ ಹೆಮ್ಮೆ.

ಡಾಕ್ಟರ ಹತ್ತಿರ ಹೋಗಲು ಇನ್ನು ಮೂರೇ ದಿನ. ಮರುದಿನ ನಯನಾ ಅರ್ಧ ದಿನ ರಜೆ ಹಾಕಿ, ಯಾರಿಗೂ ಹೇಳದೆ ದಾವಣಗೆರೆಯ ಬಸ್ಸು ಹತ್ತಿದಳು. ಅತ್ತೆ ಏನನ್ನು ಬಚ್ಚಿಟ್ಟಿರಬಹುದು, ಬೆಲ್ಲವೋ ಬಿಸ್ಕತ್ತೋ? ಸಿಕ್ಕಿಬಿದ್ದರೆ ಹೇಗೆ ಬೈಯುವುದು? ಅತ್ತುಬಿಟ್ಟರೆ? ಹಿತ್ತಲ ಬಾಗಿಲು ನೂಕಿ ಒಳಗೆ ಬಂದಾಗ ಎರಡು ಗಂಟೆ.

ನಿರ್ಮಲಮ್ಮ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ಅವರ ತಟ್ಟೆ ಆಗಲೇ ತೊಳೆದು ಬೋರಲು ಹಾಕಿತ್ತು. ಎದುರಿಗಿದ್ದದ್ದು ಮಾವನ ದೊಡ್ಡ ತಟ್ಟೆ. ಅದರಲ್ಲಿ ಬೆಲ್ಲದ ಗೋಧಿ ಹುಗ್ಗಿ, ಮೇಲೆ ಹಾಲು. ಅತ್ತೆ ಕಷಾಯ ಕುಡಿಯುವವರ ಹಾಗೆ ಕಣ್ಣು ಮುಚ್ಚಿ ತುತ್ತು ನುಂಗುತ್ತಿದ್ದರು.

"ಅತ್ತೀ! ಏನ್ರಿ ಇದು?"

ನಿರ್ಮಲಮ್ಮ ತಟ್ಟೆಯನ್ನು ಸೆರಗಿನ ಮರೆಗೆ ಎಳೆದುಕೊಂಡರು. "ಇದು ನನ್ನ ಊಟ ಅಲ್ಲವ್ವ. ನಿಮ್ಮ ಮಾವನ ತಟ್ಟೆಯಾಗೆ ಉಳಿದಿದ್ದು. ಲಿಂಗಕ್ಕೆ ತೋರಿಸಿದ ಪ್ರಸಾದ, ಚೆಲ್ಲಾಕಾಗುತ್ತೇನು?"

"ನನ್ನ ಹತ್ರ ಬರೆಸಲೇ ಇಲ್ಲಲ್ರಿ!"

"ನೀವು ಏನು ಉಂಡ್ರಿ ಅಂತ ನೀನು ಕೇಳ್ತಿದ್ದೆ, ನಾನು ಹೇಳ್ತಿದ್ದೆ. ಅವರು ಏನು ಬಿಟ್ರು ಅಂತ ನೀನು ಕೇಳಲಿಲ್ಲ."

"ಬೆರಳು ಹೋಗುತ್ತೆ ಅಂತ ಗೊತ್ತಿದ್ದೂ ಹಿಂಗೆ ಮಾಡ್ತಾರೇನ್ರಿ? ಮಾವನೋರಿಗೆ ಕಡಿಮೆ ಬಡಿಸಿದ್ರೆ ಆಗ್ತಿತ್ತಲ್ಲ?"

"ಕೈ ಬರಲ್ಲ ನಯನಾ. ಇವತ್ತಾದ್ರೂ ಉಣ್ತಾರೇನೋ ಅಂತ ದಿನಾ ಅಷ್ಟೇ ಬಡಿಸ್ತೀನಿ." ನಿರ್ಮಲಮ್ಮ ಪಡಸಾಲೆಯ ಕಡೆ ನೋಡಿ ದನಿ ತಗ್ಗಿಸಿದರು. "ರೊಟ್ಟಿ ಗಂಟಲಾಗೆ ಇಳೀತಿಲ್ಲ ಅಂದ್ರು, ಹುಗ್ಗಿ ಮೆತ್ತಗೆ ಮಾಡಿದೆ. ಈಗ ಅದೂ ಇಳೀತಿಲ್ಲ. ಎರಡು ತುತ್ತಿಗೆ ಕೈ ತೊಳೀತಾರೆ. ತಿಂಗಳ ಮೇಲಾತು. ಅವರ ಅಣ್ಣಗೂ ಹಿಂಗೇ ಶುರುವಾಗಿತ್ತು, ವರ್ಷ ಉಳೀಲಿಲ್ಲ. ಮಕ್ಕಳಿಗೆ ಹೇಳಬ್ಯಾಡ ಅಂತ ಆಣೆ ಹಾಕಿಸ್ಕಂಡಾರೆ."

ನಯನಾ ಮಾವನ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಹನ್ನೆರಡು ದಿನದಿಂದ ಅವಳು ಒಂದು ಗೆರೆಯ ಬೆನ್ನು ಹತ್ತಿದ್ದಳು. ಎದುರಿಗೇ ಮಜ್ಜಿಗೆ ಕುಡಿದು ಎದ್ದುಹೋಗುತ್ತಿದ್ದ ಮನುಷ್ಯನ ಮುಖವನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಅತ್ತೆಯ ಮೇಲೆ ಸಿಟ್ಟು ಬಂತು, ತನ್ನ ಮೇಲೆ ಇನ್ನೂ ಹೆಚ್ಚು ಬಂತು, ಎರಡನ್ನೂ ಮೀರಿಸಿ ಹೆದರಿಕೆಯಾಯಿತು.

"ಯಾರದು, ನಯನಾ ಬಂದಳೇನು?" ಪಡಸಾಲೆಯಿಂದ ಬಕ್ಕೇಶಪ್ಪನವರ ದನಿ ಕೇಳಿತು. ಅವಳು ಹೋಗಿ ಬಾಗಿಲಲ್ಲಿ ನಿಂತಳು. ಮಾವ ಮಂಚದ ಮೇಲೆ ಗೋಡೆಗೊರಗಿ ಕೂತು ನಗುತ್ತಿದ್ದರು.

"ಬಾರವ್ವ. ಇವತ್ತು ನಿಮ್ಮ ಅತ್ತಿ ಹುಗ್ಗಿ ಏನು ಮಾಡ್ಯಾಳೆ ಅಂತಿ! ಹೊಟ್ಟೆ ತುಂಬ ಉಂಡೆ."

ನಯನಾಳ ಕೈಯಲ್ಲಿ ಮೊಬೈಲು ಕಿಣಿಗುಟ್ಟಿತು. ಅವಳು ಅದನ್ನು ನೋಡಲಿಲ್ಲ. ಎಷ್ಟು ಉಂಡೆ ಎಂದು ತೋರಿಸಲು ಬಕ್ಕೇಶಪ್ಪ ಕೈ ಮೇಲೆತ್ತಿದ್ದರು. ಮಣಿಕಟ್ಟಿನಲ್ಲಿದ್ದ ಸ್ಟೀಲ್ ಚೈನಿನ ವಾಚು ಸರ್ರನೆ ಜಾರಿ ಮೊಣಕೈಗೆ ಬಂದು ನಿಂತಿತು.