ನಾಯಕನ ತಲೆ

"ಕಮಿಟಿ ಮುಂದೆ ಕೂತಿದೀಯ, ಆ ಕ್ಯಾಪ್ ತೆಗಿಯಪ್ಪಾ," ಎಂದರು ಪ್ರಿನ್ಸಿಪಾಲರು. ಶಿಸ್ತು ಸಮಿತಿಯ ಅಧ್ಯಕ್ಷರೂ ಅವರೇ. ಮಾತಿನಲ್ಲಿ ಗದರಿಕೆ ಇರಲಿಲ್ಲ. ಹೊಸ ಅಳಿಯನಿಗೆ ಕೈಕಾಲು ತೊಳಿಯಪ್ಪಾ ಅಂದಷ್ಟು ಮೆತ್ತಗಿತ್ತು.

ಫುಟ್‌ಬಾಲ್ ತಂಡದ ನಾಯಕ ಕ್ಯಾಪನ್ನು ಇನ್ನಷ್ಟು ಕೆಳಕ್ಕೆ ಎಳೆದುಕೊಂಡ. "ಶೀತ ಆಗಿದೆ ಸಾರ್."

"ಇರ್ಲಿ ಬಿಡಿ ಸಾರ್, ನಾಚಿಕೆ ಅವನಿಗೆ," ಎಂದು ಪಕ್ಕದಲ್ಲಿದ್ದ ಕೋಚ್ ನಕ್ಕರು. "ಫೈನಲ್‌ಗೆ ಮುಂಚೆ ಎಲ್ಲರೂ ತಲೆ ಬೋಳಿಸ್ಕೊಳ್ಳೋದು ನಮ್ಮ ಟೀಮಿನ ಪದ್ಧತಿ. ಈ ಸಲ ನಾನೇ ಎಲ್ಲರನ್ನೂ ಬೇಗ ಕಟಿಂಗ್ ಶಾಪಿಗೆ ಕಳಿಸ್ದೆ. ಇಂಥ ಅಪವಾದ ಬಂದಾಗ ಹುಡುಗರು ಒಗ್ಗಟ್ಟಾಗಿ ಕಾಣ್ಬೇಕು ನೋಡಿ." ಕಿಟಕಿಯಾಚೆ ಕಾರಿಡಾರಿನ ಬೆಂಚಿನ ಮೇಲೆ ಆ ಒಗ್ಗಟ್ಟು, ಸಿಪ್ಪೆ ಸುಲಿದ ಮೊಟ್ಟೆಗಳ ಹಾಗೆ, ಸಾಲಾಗಿ ಕೂತಿತ್ತು.

ನಾಯಕನ ತಾಯಿ ಪ್ರಾಥಮಿಕ ಶಾಲೆಯ ಮೇಡಂ. ಮಗನ ಪರವಾಗಿ ಆಡಲು ಒಂದೇ ಒಂದು ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು: ತಪ್ಪು ಸಾಬೀತಾಗುವವರೆಗೆ ನನ್ನ ಮಗ ನಿರಪರಾಧಿ. ಮಾತೇನೋ ಸರಿಯಾದದ್ದೇ. ಆದರೆ ಅವಳು ಬಾಯಿ ತೆರೆಯುವ ಮುಂಚೆಯೇ ಪ್ರಿನ್ಸಿಪಾಲರು ಅದನ್ನು ಮತ್ತೆ ಮತ್ತೆ ಹೇಳಿ ಸವೆಸಿಬಿಟ್ಟಿದ್ದರು. ಎರಡೂ ಕಡೆಯವರಿಗೆ ನ್ಯಾಯ ಸಿಗಬೇಕಂತೆ. ಆದ್ದರಿಂದ ವಿಚಾರಣೆ ಮುಗಿಯುವವರೆಗೆ ನಾಯಕ ಆಡಬಹುದು. ದೂರು ಕೊಟ್ಟ ಹುಡುಗಿ ಮಾತ್ರ, ಅವಳ ಒಳ್ಳೆಯದಕ್ಕೇ, ಮೈದಾನದ ಕಡೆ ತಲೆ ಹಾಕಬಾರದು. ಪೊಲೀಸರು ಕೂಡ ಮ್ಯಾಚು ಮುಗಿಸಿಕೊಂಡೇ ಬಾರಪ್ಪಾ ಎಂದಿದ್ದರಂತೆ. ಎಂಥ ಸೌಜನ್ಯ! ಮಗನ ಕಡೆ ಇಷ್ಟೊಂದು ಜನ ಇರುವುದನ್ನು ಕಂಡು ತಾಯಿಗೆ ನೆಮ್ಮದಿಯಾಗಬೇಕಿತ್ತು. ಯಾಕೋ ಆಗಲಿಲ್ಲ.

ಹುಡುಗಿ ಮೇಜಿನ ಆ ತುದಿಯಲ್ಲಿ ಕೂತಿದ್ದಳು. ಕಾಲೇಜಿನ ಓಟಗಾರ್ತಿ. ಕಳೆದ ವಾರ ಆಟದ ಸಾಮಾನಿನ ಕೋಣೆಯಲ್ಲಿ ಚಿಲಕ ಹಾಕಿ ಮೈಮೇಲೆ ಬಿದ್ದ ಎಂದು ಅವಳ ದೂರು. ನಾನು ಆ ಕೋಣೆಗೇ ಹೋಗಿಲ್ಲ ಎಂದು ನಾಯಕನ ಉತ್ತರ.

"ಹೇಗೆ ತಪ್ಪಿಸ್ಕೊಂಡೆ ಅಂತ ಇನ್ನೊಂದ್ಸಲ ಹೇಳಮ್ಮಾ," ಎಂದರು ಪ್ರಿನ್ಸಿಪಾಲರು, ಗಡಿಯಾರ ನೋಡುತ್ತ.

"ಕೈಲಿ ನನ್ನ ಓಟದ ಶೂ ಇತ್ತು ಸಾರ್, ಅಡಿಯಲ್ಲಿ ಮೊಳೆ ಇರುತ್ತಲ್ಲ, ಅದು. ಕಿವಿ ಹಿಂದೆ ಬಾರಿಸ್ದೆ. ಕೈ ಸಡಿಲ ಬಿಟ್ಟ."

"ಓಹೋ!" ಕೋಚ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೇಬಿಟ್ಟರು. "ಮೊಳೆಯಲ್ಲಿ ಹೊಡೆದ್ರೆ ಗುರುತು ಇರ್ಬೇಕಲ್ಲಮ್ಮಾ? ಒಳ್ಳೇದೇ ಆಯ್ತು. ಇವತ್ತು ಕೂದಲೂ ಅಡ್ಡ ಇಲ್ಲ. ಎಲ್ಲಾರೂ ನೋಡ್ಲಿ!" ನಾಯಕ ಕೈ ಅಡ್ಡ ತರುವಷ್ಟರಲ್ಲಿ ಕ್ಯಾಪನ್ನು ಕಿತ್ತು, ಗೆದ್ದ ಕಪ್ಪಿನ ಹಾಗೆ ಮೇಲಕ್ಕೆತ್ತಿ ಹಿಡಿದರು.

ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ನುಣ್ಣನೆಯ ತಲೆಯ ಮೇಲೆ, ಎಡಗಿವಿಯ ಹಿಂದೆ, ಹಕ್ಕಳೆ ಕಟ್ಟಿದ ಕಪ್ಪು ಚುಕ್ಕೆಗಳು ಕಮಾನಿನಂತೆ ಬಾಗಿ ನಿಂತಿದ್ದವು. ಓಟದ ಶೂವಿನ ತುದಿ ಇದ್ದ ಹಾಗೆಯೇ.

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿದರು. ಒರೆಸಿದ ಮೇಲೂ ಹಾಕಿಕೊಳ್ಳಲಿಲ್ಲ. "ಇದು... ಚಿಕ್ಕಂದಿನದು ಇರ್ಬೇಕು. ಅಲ್ವೇನಮ್ಮಾ? ಹೆತ್ತವರಿಗೆ ಗೊತ್ತಿರುತ್ತೆ."

ಮಗ ತಾಯಿಯ ಕಡೆಗೆ ತಲೆ ಬಾಗಿಸಿದ, ಚಿಕ್ಕವನಿದ್ದಾಗ ಸ್ನಾನದ ಮನೆಯಲ್ಲಿ ಬಾಗಿಸುತ್ತಿದ್ದ ಹಾಗೆ. "ಹೇಳಮ್ಮಾ. ಮೆಟ್ಟಿಲಿಂದ ಬಿದ್ದಿದ್ದೆ ಅಲ್ವಾ ಆವಾಗ?"

ಅವಳ ನಾಲ್ಕನೇ ತರಗತಿಯ ಮಕ್ಕಳು ಇದಕ್ಕಿಂತ ಚೆನ್ನಾಗಿ ಸುಳ್ಳು ಹೇಳುತ್ತಿದ್ದರು. ಆ ತಲೆಯನ್ನು ತೊಳೆದು ಒರೆಸಿ ಬೆಳೆಸಿದವಳು ಅವಳು. ಅಲ್ಲಿ ಯಾವ ಮೆಟ್ಟಿಲಿನ ಗುರುತೂ ಇರಲಿಲ್ಲ. ಅವಳಿಗೆ ನೆನಪಾದದ್ದು ದಿಂಬಿನ ಕವರು. ಕಳೆದ ವಾರ, ಹುಟ್ಟಿದಾಗಿನಿಂದ ಮೊದಲ ಸಲ, ಮಗ ತನ್ನ ದಿಂಬಿನ ಕವರನ್ನು ತಾನೇ ಒಗೆದು ಹಾಕಿದ್ದ. ಇವಳು ತಂಗಿಗೆ ಫೋನು ಮಾಡಿ, "ನೋಡೇ, ನನ್ನ ಮಗನಿಗೆ ಕೊನೆಗೂ ಜವಾಬ್ದಾರಿ ಬಂತು," ಎಂದು ಕೊಚ್ಚಿಕೊಂಡಿದ್ದಳು. ಮುಖಕ್ಕೆ ಯಾರೋ ಉಗಿದ ಹಾಗಾಯಿತು. ಉಗಿದವಳು ತಾನೇ.

ಅವಳು ಬೆರಳ ತುದಿಯಿಂದ ಆ ಚುಕ್ಕೆಗಳನ್ನು ಮುಟ್ಟಿದಳು. ಮಗ ನೋವಿಗೆ ಸೆಟೆದುಕೊಂಡ.

"ಚಿಕ್ಕಂದಿನ ಗಾಯ ಈಗ್ಲೂ ನೋಯುತ್ತಾ ಸಾರ್?" ಎಂದಳು. "ಹಕ್ಕಳೆ ಇನ್ನೂ ಉದುರಿಲ್ಲ. ಇದು ಕಳೆದ ವಾರದ್ದು."

ಮಗ ಅವಳನ್ನು ಪರಕೀಯಳನ್ನು ನೋಡುವಂತೆ ನೋಡಿದ. ಮೇಜಿನ ಆ ತುದಿಯ ಹುಡುಗಿ ಮೊದಲ ಬಾರಿಗೆ ತಲೆಯೆತ್ತಿದಳು.

ಪ್ರಿನ್ಸಿಪಾಲರು ಮೂಲೆಯಲ್ಲಿ ಬರೆದುಕೊಳ್ಳುತ್ತಿದ್ದ ಗುಮಾಸ್ತನ ಕಡೆ ತಿರುಗಿದರು. "ತಾಯಿಯವರಿಗೆ ಸರಿಯಾಗಿ ನೆನಪಿಲ್ಲ ಅಂತ ಬರ್ಕೊಳ್ಳಿ." ಅಷ್ಟು ಸಾಕಾಯಿತು ಕೋಚ್‌ಗೆ. ಜೀವ ಬಂದವರಂತೆ ಬಗ್ಗಿ, ಕ್ಯಾಪನ್ನು ನಾಯಕನ ತಲೆಗೆ ಮತ್ತೆ ಹಾಕಿ, ಕಿವಿಯವರೆಗೂ ಎಳೆದು ಸರಿಮಾಡಿದರು.

ತಾಯಿ ಎದ್ದಳು. ಕ್ಯಾಪನ್ನು ತೆಗೆದು ಮೇಜಿನ ನಟ್ಟನಡುವೆ ಇಟ್ಟು, ಮಗನ ಹಿಂದೆಯೇ ನಿಂತಳು.

ಕೋಣೆಯ ಗಂಡಸರೆಲ್ಲ ಆ ಬೋಳುತಲೆಯ ಕಡೆ ಮಾತ್ರ ನೋಡದೆ, ಬಹಳ ಗಂಭೀರವಾಗಿ, ಕ್ಯಾಪನ್ನೇ ನೋಡುತ್ತ ಕೂತರು.