ಕಾಟೊಗೆ ಗುಂಡು ಬೀಳುವ ದೃಶ್ಯ

ಪರದೆಯ ಮೇಲೆ ಕಾಟೊಗೆ ಗುಂಡು ಬೀಳಲು ಇನ್ನು ಸ್ವಲ್ಪವೇ ಹೊತ್ತಿರುವಾಗ, ಮುಂದಿನ ಬೆಂಚಿನಲ್ಲಿ ಕಾಟೊನ ತಾಯಿ ಕೂತಿರುವುದು ಸೆಮಾಂಡನ ಕಣ್ಣಿಗೆ ಬಿತ್ತು. ಸುಟ್ಟ ಬಾಳೆಹಣ್ಣು ಮಾರುವ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಮೋರಿಯಾಚೆಯ ತನ್ನ ಒಲೆ ಬಿಟ್ಟು ಈ ತಗಡಿನ ವಿಡಿಯೋ ಹಾಲ್‌ಗೆ ಅವಳು ಬಂದದ್ದು ಇದೇ ಮೊದಲು.

ಪರದೆಯ ಪಕ್ಕ ಸ್ಟೂಲು ಹಾಕಿಕೊಂಡು, ಮೈಕು ಹಿಡಿದು, ಸಿನಿಮಾ ಮುಗಿಯುವವರೆಗೆ ಅದರ ಮೇಲೆ ಮಾತಾಡುತ್ತಲೇ ಇರುವುದು ಸೆಮಾಂಡನ ಕೆಲಸ. ಕಂಪಾಲಾದ ಈ ಕೇರಿಯಲ್ಲಿ ತಯಾರಾಗುವ ಹೊಡೆದಾಟದ ಸಿನಿಮಾಗಳಿಗೆ ಅವನ ನಾಲಿಗೆಯೇ ಅರ್ಧ ಬಂಡವಾಳ. ಬಂದೂಕು ಮರದ್ದು, ಹೆಲಿಕಾಪ್ಟರು ಗುಜರಿ ಕಬ್ಬಿಣದ್ದು. ಅದರ ರೆಕ್ಕೆ ಜೋತುಬಿದ್ದರೆ, "ಪಾಪ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅದು" ಅನ್ನುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು. ಯಾರಾದರೂ ಗುಂಡು ತಿಂದು ಉರುಳಿದರಂತೂ "ಸತ್ತಾ!" ಎಂದು ಕೂಗುತ್ತಿದ್ದ, ಬೆಂಚುಗಳೆಲ್ಲ ಅವನ ಜೊತೆ ಕೂಗುತ್ತಿದ್ದವು. ಆ ಒಂದು ಕೂಗಿಗಾಗಿಯೇ ಬರುವವರಿದ್ದರು.

ಪರದೆಯ ಹಿಂದಿನಿಂದ ಕಾಟೊ ತಲೆ ಹಾಕಿದ. "ಅಣ್ಣಾ, ಅಮ್ಮ ಬಂದ್ಬಿಟ್ಟಿದಾಳೆ."

ಸೆಮಾಂಡ ಮೈಕನ್ನು ಅಂಗೈಯಿಂದ ಮುಚ್ಚಿದ. "ನೋಡ್ದೆ. ನಿಂಗೆ ಗುಂಡು ಬೀಳೋದು ಹೇಳಿದೀಯ ತಾನೆ?"

"ವ್ಯಾನ್ ಓಡಿಸೋ ಪಾರ್ಟು ಅಂದಿದೀನಿ."

"ಓಡಿಸ್ತೀಯ ಬಿಡು. ಆ ತಿರುವಿನವರೆಗೆ."

"ನಗ್ಬೇಡಣ್ಣಾ. 'ನಾನೇ ಬಂದು ನೋಡ್ತೀನಿ, ಸರಿ ಕಾಣ್ಲಿಲ್ಲ ಅಂದ್ರೆ ಈ ಸಿನಿಮಾ ಗಿನಿಮಾ ಇವತ್ತಿಗೇ ಮುಗೀತು' ಅಂದಿದಾಳೆ."

ಸೆಮಾಂಡನಿಗೂ ನಗು ಬಂದಿರಲಿಲ್ಲ. ಅವಳು ಅವಳಿಗಳನ್ನು ಹೆತ್ತವಳು. ಅದಕ್ಕೇ ಊರಿಗೆಲ್ಲ ನಾಲೊಂಗೊ. ಮೊದಲು ಹುಟ್ಟಿದ ವಾಸ್ವಾ ಹೋದ ವರ್ಷ ಲಾರಿಗೆ ಸಿಕ್ಕಿದ್ದ. ಮಣ್ಣಿಗಿಡಲು ತೊಗಟೆಬಟ್ಟೆಯಲ್ಲಿ ಸುತ್ತುವ ಮೊದಲು ಅವಳು ಆ ಮುಖವನ್ನು ಬಹಳ ಹೊತ್ತು ನೋಡುತ್ತ ನಿಂತದ್ದನ್ನು ಸೆಮಾಂಡ ಕಂಡಿದ್ದ. ಕಾಟೊನದೂ ಅದೇ ಮುಖ. ಅವಳಿಗಳು ಸತ್ತರು ಎಂದು ಇಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಾರಿಹೋದರು ಅನ್ನುತ್ತಾರೆ.

ಬಾಗಿಲ ಬಳಿ ನಿರ್ದೇಶಕ ಮುಕೀಬಿ, 'ಬಂತು, ಬಂತು' ಎಂದು ಕೈಸನ್ನೆ ಮಾಡುತ್ತಿದ್ದ. ಆಟಕ್ಕೆ ಮೊದಲೇ ಅವನು ಹೇಳಿದ್ದ: "ಕಾಟೊ ಬಿದ್ಮೇಲೆ ಬಾಯಿ ಮುಚ್ಬೇಡ ಕಣಯ್ಯ. ಹೊಟ್ಟೆ ಏರಿಳೀತಾ ಇದೆ ಆ ಪುಣ್ಯಾತ್ಮಂದು. ಕೆಂಪು ನೀರು ಒಂದೇ ಚೀಲ ಇದ್ದಿದ್ದು, ಇನ್ನೊಂದ್ಸಲ ತೆಗೆಯೋಕಾಗ್ಲಿಲ್ಲ. ನೀನು ಜೋರಾಗಿ ಕೂಗಿದ್ರೆ ಯಾರೂ ಅತ್ಲಾಗೆ ನೋಡಲ್ಲ."

ಗುಂಡು ಹಾರಿತು. ಕಾಟೊ ವ್ಯಾನಿನಿಂದ ಹೊರಗುರುಳಿ ಕೆಸರಿನಲ್ಲಿ ಅಂಗಾತ ಬಿದ್ದ. ಅಂಗಿಯೊಳಗಿನ ಚೀಲ ಒಡೆದು ಕೆಂಪು ಹರಡಿತು. ಮುಚ್ಚಿದ ಕಣ್ಣಿನ ಮುಖ ಪರದೆಯ ತುಂಬ ನಿಂತಿತು.

ಸೆಮಾಂಡ ಮೈಕನ್ನು ಬಾಯಿಗೆ ತಂದ. ಬೆಂಚುಗಳು ಅವನ ಕೂಗಿಗೆ ಕಾಯುತ್ತಿದ್ದವು. ಮಾತು ಹಲ್ಲಿನವರೆಗೆ ಬಂತು, ಅಲ್ಲಿಂದ ಆಚೆ ಬರಲಿಲ್ಲ. ಮುಂದಿನ ಬೆಂಚಿನಲ್ಲಿ ನಾಲೊಂಗೊಳ ಕೈ ಬುಟ್ಟಿಯ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಸಿನಿಮಾದ ತೂತುಗಳನ್ನು ಮಾತಿನಿಂದ ಮುಚ್ಚಿಯೇ ಬದುಕಿದವನು, ಮೈಕು ಕೈಯಲ್ಲಿರುವಾಗಲೇ ಸುಮ್ಮನಾದ. ರಸ್ತೆಯ ಬೈಕುಗಳ ಸದ್ದು ಒಳಗೆ ಬಂತು. ತಗಡಿನ ಮೇಲೆ ಕೊಕ್ಕರೆಯೊಂದು ಹೆಜ್ಜೆ ಹಾಕಿದ್ದೂ ಕೇಳಿಸಿತು. ಮುಕೀಬಿ ಹಣೆ ಚಚ್ಚಿಕೊಂಡ. ಪರದೆಯ ಮೇಲೆ ಕ್ಯಾಮರಾ ನಿಧಾನವಾಗಿ ಹಿಂದೆ ಸರಿಯಿತು.

"ಹೊಟ್ಟೆ," ಅಂದಳು ನಾಲೊಂಗೊ.

ಯಾರಿಗೂ ಅರ್ಥವಾಗಲಿಲ್ಲ. ಅವಳು ದಡಕ್ಕನೆ ಎದ್ದಳು, ಬುಟ್ಟಿ ಉರುಳಿತು. "ಹೊಟ್ಟೆ ನೋಡ್ರೋ ಅವನ್ದು! ಏರ್ತಿದೆ, ಇಳೀತಿದೆ! ಉಸಿರಾಡ್ತಿದಾನೆ ನನ್ ಕೂಸು!"

"ಬೆಳಿಗ್ಗೆ ನಿನ್ನ ಒಲೆ ಹತ್ರ ತಿಂದಿದ್ದು ಇನ್ನೂ ಅರಗಿಲ್ಲಮ್ಮಾ!" ಎಂದು ಹಿಂದಿನಿಂದ ಯಾರೋ ಕೂಗಿದರು. ನಗು ತಗಡಿನವರೆಗೆ ಎದ್ದಿತು. ಅವಳೂ ನಕ್ಕಳು, ಬಾಯಿಗೆ ಹೊದ್ದ ಬಟ್ಟೆಯ ತುದಿ ಒತ್ತಿಕೊಂಡು, ಕಣ್ಣು ಒರೆಸಿಕೊಂಡು, ಮತ್ತೆ ನಕ್ಕಳು. ಸೆಮಾಂಡನಿಗೆ ತನ್ನ ಭುಜಗಳು ಇಷ್ಟು ಹೊತ್ತು ಕಿವಿಯ ಹತ್ತಿರವಿದ್ದವೆಂದು ಆಗ ಗೊತ್ತಾಯಿತು, ಅವು ಕೆಳಗಿಳಿದವು.

"ಇನ್ನೊಂದ್ಸಲ ಹಾಕು ಮಗಾ," ಅಂದಳು ಅವನಿಗೆ.

ಅವನು ಸಿನಿಮಾವನ್ನು ಹಿಂದಕ್ಕೆ ಓಡಿಸಿ ಹಾಕಿದ. ಕಾಟೊ ಮತ್ತೆ ಬಿದ್ದ, ಮತ್ತೆ ಹೊಟ್ಟೆ ಏರಿತು. ಈ ಸಲ ಬೆಂಚುಗಳು ಒಂದೊಂದು ಉಸಿರನ್ನೂ ಕೂಗಿ ಎಣಿಸಿದವು. ಪರದೆಯ ಹಿಂದಿನಿಂದ ಬಂದ ಕಾಟೊ ಕೈ ಎಲ್ಲಿಡಬೇಕೆಂದು ತಿಳಿಯದೆ ತಾಯಿಯ ಪಕ್ಕದಲ್ಲೇ ನಿಂತಿದ್ದ. ಅವಳು ಅವನ ಮಣಿಕಟ್ಟು ಹಿಡಿದುಕೊಂಡು ಪರದೆಯನ್ನೇ ನೋಡುತ್ತಿದ್ದಳು.

ಆಟ ಮುಗಿದ ಮೇಲೆ ಮುಕೀಬಿ ತಲೆ ತಗ್ಗಿಸಿಕೊಂಡು ಬಂದ. "ಮರ್ಯಾದೆ ಹೋಯ್ತಮ್ಮಾ. ಮುಂದಿನ ಸಿನಿಮಾದಲ್ಲಿ ಹಿಂಗಾಗಲ್ಲ. ಬಿದ್ಮೇಲೆ ಉಸಿರು ಬಿಗಿಹಿಡಿಯೋದು ಇವನಿಗೆ ಸರಿಯಾಗಿ ಕಲಿಸ್ತೀನಿ."

ನಾಲೊಂಗೊ ಕೆಳಗೆ ಬಿದ್ದ ಬಾಳೆಹಣ್ಣುಗಳನ್ನು ಬುಟ್ಟಿಗೆ ತುಂಬಿಕೊಳ್ಳುತ್ತಿದ್ದಳು. ಒಂದರ ಧೂಳು ಒರೆಸಿ ಮಗನ ಕೈಗಿಟ್ಟಳು.

"ಗುಂಡು ಎಷ್ಟು ಬೇಕಾದ್ರೂ ಹೊಡಿಯಪ್ಪ," ಅಂದಳು. "ಅದೊಂದು ಮಾತ್ರ ಕಲಿಸ್ಬೇಡ."