ನೂರ ಹನ್ನೊಂದನೆಯ ಪುಟ

ನೂರ ಹನ್ನೊಂದನೆಯ ಪುಟಕ್ಕೆ ಬಂದಾಗ ಅಪ್ಪನ ಕೆಂಪು ಪೆನ್ನು ನಿಂತುಬಿಟ್ಟಿತು.

ಬಿಂದುಶ್ರೀ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕೈಯಲ್ಲಿದ್ದ ಕಾಫಿ ಲೋಟ ಸುಡುತ್ತಿದ್ದದ್ದೂ ಅವಳಿಗೆ ತಿಳಿಯಲಿಲ್ಲ. ಅಪ್ಪ ತಿದ್ದುತ್ತಿದ್ದದ್ದು ಅವಳ ಮೊದಲ ಕಾದಂಬರಿ. ಕಾಲೇಜು ಹುಡುಗ ಹುಡುಗಿಯ ಪ್ರೇಮಕಥೆ, ಹದಿನೇಳು ಹದಿನೆಂಟರ ಮಕ್ಕಳಿಗೆಂದೇ ಬರೆದದ್ದು. ಬರುವ ಭಾನುವಾರವೇ ಬಿಡುಗಡೆ. ಕರಡನ್ನು ಅಪ್ಪನೇ ತಿದ್ದಬೇಕೆಂದು ಹಟ ಹಿಡಿದವಳೂ ಅವಳೇ.

"ಬೇಡ ಕಣೇ," ಎಂದು ತಾಯಿ ಸರೋಜಮ್ಮ ಬೆಳಗ್ಗೆಯೇ ಗೋಗರೆದಿದ್ದರು. "ಆ ಹುಡುಗ ಯಾರು ಅಂತ ಅವ್ರಿಗೆ ಗೊತ್ತಾಗ್ಬುಡುತ್ತೆ. ಆಮೇಲೆ ಪುಸ್ತಕನೂ ಇಲ್ಲ, ಗಿಸ್ತಕನೂ ಇಲ್ಲ."

ಸರೋಜಮ್ಮನ ಭಯ ಸುಳ್ಳೇನಲ್ಲ. ಬಿಂದುವಿನ ಅಪ್ಪ ಮಹದೇವು ಪತ್ರಿಕೆಯೊಂದರಲ್ಲಿ ಮೂವತ್ತು ವರ್ಷ ಕರಡು ತಿದ್ದಿದವರು. ನಿವೃತ್ತರಾದರೇನು, ಕೈಗೆ ನಿವೃತ್ತಿಯಿಲ್ಲ. ಸಿದ್ಧಾರ್ಥನಗರದ ಆ ಬೀದಿಯಲ್ಲಿ ಅವರ ಕಣ್ಣಿಗೆ ಬೀಳದೆ ಒಂದು ಲಗ್ನಪತ್ರಿಕೆಯೂ ಅಚ್ಚಿಗೆ ಹೋಗುತ್ತಿರಲಿಲ್ಲ. ಹೋಟೆಲಿನ ತಿಂಡಿ ಬೋರ್ಡನ್ನೂ ಬಿಡದ ಆಸಾಮಿ! ಅಕ್ಷರವಷ್ಟೇ ಅಲ್ಲ, ಸಂಗತಿಯೂ ಸರಿಯಿರಬೇಕು. ಬೀಗರ ಮನೆಯ ಪತ್ರಿಕೆಯಲ್ಲಿ ತಿಥಿ ತಪ್ಪಾಗಿದೆಯೆಂದು ಒಮ್ಮೆ ಊಟದ ಪಂಕ್ತಿಯಲ್ಲೇ ಪೆನ್ನು ತೆಗೆದು ಮಾನ ಕಳೆದಿದ್ದರು.

"ತಪ್ಪು ಕಂಡ್ರೆ ಕೈ ಸುಮ್ನಿರಲ್ಲ ಕಣಮ್ಮ," ಎನ್ನುತ್ತಿದ್ದರು. "ಪ್ರೂಫ್ ನೋಡೋನು ಕಥೆ ಓದಲ್ಲ. ಸಾಲು ಓದ್ತಾನೆ."

ಆ ಹುಡುಗನ ಹೆಸರು ಗೌತಮ್. ಉದಯಗಿರಿಯವನು. ಬಿಂದುವಿನ ಕಾಲೇಜಿನವನು, ಬಿಂದುವಿನ ಜಾತಿಯವನಲ್ಲ. ವಿಷಯ ಕಿವಿಗೆ ಬಿದ್ದ ದಿನ ಮಹದೇವು ಕೂಗಾಡಲಿಲ್ಲ, ಕೈ ಎತ್ತಲಿಲ್ಲ. ಎರಡು ದಿನ ಊಟ ಬಿಟ್ಟರು, ಅಷ್ಟೆ. ಆಮೇಲೆ ಗೌತಮನೇ ಊರಲ್ಲಿ ಕಾಣದಾದ. ಕೆಲಸ ಸಿಕ್ಕಿ ಕೊಯಮತ್ತೂರಿಗೆ ಹೋದನಂತೆ ಎಂದರು ಕೆಲವರು. ಹುಡುಗಿಗೆ ಕೈಕೊಟ್ಟ ಎಂದರು ಉಳಿದವರು. ಅವನ ತಾಯಿ ಪುಟ್ಟಲಿಂಗಮ್ಮ ಠಾಣೆಗೆ ಅಲೆದರು, ಪತ್ರಿಕೆಯಲ್ಲಿ 'ಕಾಣೆಯಾಗಿದ್ದಾನೆ' ಎಂದು ಹಾಕಿಸಿದರು. ಎರಡು ವರ್ಷವಾದರೂ ಸುಳಿವಿಲ್ಲ.

"ಓಡಿಹೋಗೋ ಹುಡುಗನ್ನ ನಂಬ್ಕೊಂಡಿದ್ದೆಯಲ್ಲಮ್ಮ," ಎಂದು ಮಹದೇವು ಮಗಳ ತಲೆ ಸವರಿದ್ದರು.

ಕಥೆಯಲ್ಲಿ ಗೌತಮ್ ಸ್ವರೂಪ್ ಆಗಿದ್ದ. ಹೆಸರೊಂದು ಬದಲಾದರೆ ಆಯಿತೇ? ನಡಿಗೆ ಅವನದು, ನಗು ಅವನದು, ಬೀದಿ ಅವನದು. ಬರೆಯುವಾಗ ಪುಟಪುಟಕ್ಕೂ ಅತ್ತಿದ್ದಳು ಬಿಂದು.

ಬೆಳಗಿನಿಂದ ಅಪ್ಪ ಒಂದೇ ಸಮನೆ ತಿದ್ದುತ್ತಿದ್ದರು.

"ಏನಮ್ಮ, ಕಡಕೊಳದ ಬಸ್ಸು ಬನ್ನೂರು ರಸ್ತೇಲಿ ಹೋಗುತ್ತಾ? ನಂಜನಗೂಡು ರಸ್ತೆ ಅಂತ ಮಾಡಿದೀನಿ."

"ಸರಿ ಅಪ್ಪ."

"ಈ ಹುಡುಗ ಉದಯಗಿರಿಯವ್ನಾ?"

ಸರೋಜಮ್ಮನ ಕೈಯಿಂದ ಸೌಟು ಜಾರಿತು. ಬಿಂದು ಮಾತ್ರ ಅಲುಗಲಿಲ್ಲ.

"ಕಥೆ ಅಪ್ಪ."

"ಕಥೆ ಅಂತ ಬಾಯಿಗೆ ಬಂದದ್ದು ಬರೀಬಾರ್ದು," ಎಂದರು ಮಹದೇವು, ತಲೆಯೆತ್ತದೆ.

ಈಗ ನೂರ ಹನ್ನೊಂದು. ಅಲ್ಲಿದ್ದದ್ದು ಸ್ವರೂಪನ ತಾಯಿ ಪತ್ರಿಕೆಗೆ ಕೊಟ್ಟ ಪ್ರಕಟಣೆ. ವಯಸ್ಸು, ಎತ್ತರ, ಮೈಬಣ್ಣ, ಕಾಣೆಯಾದಾಗ ತೊಟ್ಟಿದ್ದ ಬಟ್ಟೆ. ಪುಟ್ಟಲಿಂಗಮ್ಮ ಹಾಕಿಸಿದ್ದನ್ನೇ ಬಿಂದು ಹೆಸರು ಬದಲಿಸಿ ಇಳಿಸಿದ್ದಳು. ಗುರುತು ಸಿಗಬೇಕಾದರೆ ಇಲ್ಲೇ ಸಿಗಬೇಕು.

ಪೆನ್ನು ಮತ್ತೆ ಓಡಿತು. ಸರಸರನೆ, ಸಾಲಿನಿಂದ ಸಾಲಿಗೆ.

"ಈ ಪುಟ ಒಂದ್ರಲ್ಲೇ ಏಳು ತಪ್ಪು," ಎಂದು ಗದರಿದರು. "ಎಲ್ಲಿತ್ತಮ್ಮ ಗಮನ?"

"ಅಲ್ಲೇ ಇತ್ತಪ್ಪ."

ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಮುಗಿಯಿತು. ಮಹದೇವು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು ಕಟ್ಟನ್ನು ಮಗಳ ಕೈಗಿಟ್ಟರು. "ಚೆನ್ನಾಗಿ ಬರ್ದಿದೀಯ ಕಣಮ್ಮ. ಅಚ್ಚಿಗೆ ಕೊಡು."

"ಸದ್ಯ, ದೇವ್ರು ದೊಡ್ಡೋನು," ಎಂದು ಸರೋಜಮ್ಮ ಒಳಗೆ ಹೋಗಿ ದೀಪ ಹಚ್ಚಿದರು. ಮಗಳ ಕೆನ್ನೆಯೂ ಒದ್ದೆಯಾಗಿದ್ದದ್ದನ್ನು ಕಂಡು ಸಂತೋಷವೆಂದುಕೊಂಡರು.

ಪ್ರೆಸ್‌ಗೆ ಹೋಗಿ ಬರುತ್ತೇನೆಂದು ಹೊರಟ ಬಿಂದು ಆಟೋದವನಿಗೆ ಠಾಣೆಯ ದಾರಿ ಹೇಳಿದಳು. ಇಳಿದವಳೇ ಸಬ್ ಇನ್‌ಸ್ಪೆಕ್ಟರ್ ಪ್ರೇಮಲೀಲಾ ಅವರ ಮೇಜಿನ ಮೇಲೆ ಒಂದು ಹಾಳೆ ಇಟ್ಟಳು. ಏಳು ಕೆಂಪು ಗುರುತು. ಆರು ಬರೀ ಕಾಗುಣಿತದವು. ಏಳನೆಯದರಲ್ಲಿ 'ಬಿಳಿ ಅಂಗಿ' ಎಂಬುದನ್ನು ಹೊಡೆದು, ಮೇಲೆ 'ನೀಲಿ ಚೌಕಳಿ ಅಂಗಿ' ಎಂದು ದುಂಡಗೆ ಬರೆದಿತ್ತು.

"ಇದ್ರಲ್ಲೇನಿದೆ?" ಎಂದರು ಪ್ರೇಮಲೀಲಾ.

"ಗೌತಮ್ ಮನೆ ಬಿಟ್ಟಾಗ ಬಿಳಿ ಅಂಗೀನೇ ಮೇಡಂ. ಅವ್ರಮ್ಮನಿಗೆ ಗೊತ್ತಿದ್ದದ್ದೂ ಅಷ್ಟೇ. ನೀಲಿದು ಅವತ್ತು ಸಂಜೆ ನಾನು ಕೊಡ್ಸಿದ್ದು. ಅಂಗಡೀಲೇ ಹಾಕ್ಕೊಂಡು, ಯಾರೋ ಕರೆದಿದ್ದಾರೆ ಅಂತ ಕಡಕೊಳದ ಬಸ್ಸು ಹತ್ತಿದ. ಹೆದರ್ಕೊಂಡು ನಾನು ಯಾರಿಗೂ ಬಾಯಿ ಬಿಡ್ಲಿಲ್ಲ. ಅಪ್ಪ ಮಾತ್ರ, ಅವತ್ತು ನಮ್ಮ ಹಳ್ಳೀಲಿದ್ದೆ, ಆ ಹುಡುಗನ ಮುಖಾನೇ ನೋಡಿಲ್ಲ ಅಂತ ನಿಮಗೇ ಬರ್ಕೊಟ್ಟಿದ್ದಾರೆ."

ಪ್ರೇಮಲೀಲಾ ಎದ್ದು ನಿಂತರು. ಹಾಳೆಯನ್ನು ತುದಿಯಲ್ಲಿ ಹಿಡಿದು ಮತ್ತೊಮ್ಮೆ ಓದಿದರು. "ಇದು ನಮ್ಮ ಹತ್ರಾನೇ ಇರ್ಬೇಕಾಗುತ್ತಮ್ಮ. ನಿನ್ನ ಪುಸ್ತಕ ತಡವಾಗುತ್ತೆ."

"ಪುಸ್ತಕ ಅಚ್ಚಾಗಿ ಆಗ್ಲೇ ವಾರ ಆಯ್ತು ಮೇಡಂ," ಎಂದಳು ಬಿಂದುಶ್ರೀ. "ಈ ಪುಟ ಅದ್ರಲ್ಲಿ ಇಲ್ವೇ ಇಲ್ಲ. ಅಪ್ಪನಿಗೋಸ್ಕರಾನೇ ಬರ್ದಿದ್ದು."